ಏಳುನೂರು ಜನರ ಕೌಂಟಿಗೆ ಫೀಮಾದ ಅಪಾಯ ಸೂಚ್ಯಂಕ ಎಷ್ಟು ಸಾಲುತ್ತದೆ?

ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆ ಫೀಮಾ ಉಚಿತವಾಗಿ ಒದಗಿಸಿದ ‘ನ್ಯಾಷನಲ್ ರಿಸ್ಕ್ ಇಂಡೆಕ್ಸ್’, ಆ ದೇಶದ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳನ್ನು (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳನ್ನು) ಭೂಕಂಪ, ಕಾಳ್ಗಿಚ್ಚು, ನದಿ ಪ್ರವಾಹ, ಬರ, ಸಿಡಿಲು ಮೊದಲಾದ 18 ಬಗೆಯ ವಿಕೋಪಗಳ ದೃಷ್ಟಿಯಿಂದ ಅಳೆದು ಅಂಕ ಮತ್ತು ದರ್ಜೆ ನೀಡುತ್ತದೆ. ಅದರ 2023ರ ಮಾರ್ಚ್ ಆವೃತ್ತಿಯನ್ನು ನೆವಾಡ ರಾಜ್ಯದ ಎಸ್ಮೆರಾಲ್ಡಾ ಕೌಂಟಿಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇನೆ. ಸುಮಾರು 9,300 ಚದರ ಕಿ.ಮೀ. ವಿಸ್ತಾರದ ಈ ಮರುಭೂಮಿ ಪ್ರದೇಶದಲ್ಲಿ 2020ರ ಜನಗಣತಿಯ ವೇಳೆ ಇದ್ದವರು 729 ಮಂದಿ, ಅಂದರೆ ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯಷ್ಟು ಜನ.

ನಕ್ಷೆ ಸರಳವಾಗಿದೆ. ಕೌಂಟಿಯ ಮೇಲೆ ಒತ್ತಿದರೆ ವರದಿ ತೆರೆದುಕೊಳ್ಳುತ್ತದೆ, ಕೋಷ್ಟಕಗಳನ್ನು ಇಳಿಸಿಕೊಳ್ಳಲೂಬಹುದು. ಲೆಕ್ಕ ಹಾಕಿದ ರೀತಿಯನ್ನು ಮುಚ್ಚಿಡದಿರುವುದು ಇದರ ದೊಡ್ಡ ಗುಣ. ವಿಕೋಪಕ್ಕೆ ಒಡ್ಡಿಕೊಂಡಿರುವ ಕಟ್ಟಡ, ಜನ ಮತ್ತು ಬೆಳೆಗಳ ಮೌಲ್ಯವನ್ನು ವಿಕೋಪದ ವಾರ್ಷಿಕ ಸಂಭವದಿಂದಲೂ ಹಿಂದಿನ ನಷ್ಟದ ಪ್ರಮಾಣದಿಂದಲೂ ಗುಣಿಸಿ ‘ನಿರೀಕ್ಷಿತ ವಾರ್ಷಿಕ ನಷ್ಟ’ವನ್ನು ಕಂಡುಕೊಂಡು, ಬಳಿಕ ಸಾಮಾಜಿಕ ದುರ್ಬಲತೆ ಮತ್ತು ಚೇತರಿಕೆಯ ಸಾಮರ್ಥ್ಯಗಳಿಗೆ ತಕ್ಕಂತೆ ಅದನ್ನು ಹೊಂದಿಸಲಾಗುತ್ತದೆ. ಒಂದು ಸಾವನ್ನು 1.16 ಕೋಟಿ ಡಾಲರ್ ಎಂದು ಎಣಿಸಲಾಗಿದೆ. ಕೇಳಲು ಕಟುವಾದರೂ ಕಟ್ಟಡವನ್ನೂ ಜೀವವನ್ನೂ ಒಂದೇ ಮೊತ್ತದಲ್ಲಿ ಕೂಡಿಸಬೇಕಾದರೆ ಇಂಥದೊಂದು ಅಳತೆಯನ್ನು ಒಪ್ಪಿಕೊಳ್ಳಲೇಬೇಕಾಗುತ್ತದೆ.

ತೊಡಕು ಇರುವುದು ಈ ಗುಣಾಕಾರದಲ್ಲೇ. ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ಕಡೆ ನಷ್ಟದ ಮೊತ್ತ ತಾನಾಗಿ ಕುಗ್ಗುತ್ತದೆ. ದೇಶದಲ್ಲೇ ಅತಿ ಹೆಚ್ಚಿನ ಅಂಕ ಲಾಸ್ ಏಂಜಲೀಸ್ ಕೌಂಟಿಗೆ ಬರುವುದರಲ್ಲಿ ಅಲ್ಲಿನ ಭೂಕಂಪಗಳಷ್ಟೇ ಪಾಲು ಅಲ್ಲಿನ ಕಟ್ಟಡ ಮತ್ತು ಜನಸಂಖ್ಯೆಗೂ ಇದೆ. 2020ರ ಮೇ 15ರಂದು ಎಸ್ಮೆರಾಲ್ಡಾದ ಮಾಂಟೆ ಕ್ರಿಸ್ಟೋ ಬೆಟ್ಟಸಾಲಿನ ಬಳಿ 6.5 ತೀವ್ರತೆಯ ಭೂಕಂಪ ಸಂಭವಿಸಿತು. 1954ರ ನಂತರ ನೆವಾಡ ಕಂಡ ಅತಿ ದೊಡ್ಡ ಭೂಕಂಪ ಅದು. ಯಾರೂ ಸಾಯಲಿಲ್ಲ, ಆದರೆ 95ನೇ ಹೆದ್ದಾರಿ ಬಿರುಕುಬಿಟ್ಟು ಸಂಚಾರ ನಿಂತಿತು. ಸಮೀಪದ ಟೊನೊಪಾ ಪಟ್ಟಣದ ಆಸ್ಪತ್ರೆ 2015ರಲ್ಲೇ ಮುಚ್ಚಿದ್ದು, ಆ ಪಟ್ಟಣದಿಂದ ಮುಂದಿನ ಆಸ್ಪತ್ರೆಗೆ 160 ಕಿ.ಮೀ.ಗಿಂತ ಹೆಚ್ಚು ದೂರವಿರುವಾಗ, ಕೌಂಟಿ ಕೇಂದ್ರ ಗೋಲ್ಡ್‌ಫೀಲ್ಡ್‌ನವರಿಗೆ ರಸ್ತೆ ಕಡಿದುಹೋಗುವುದೇ ಒಂದು ವಿಕೋಪ. ಕಟ್ಟಡ, ಜನ, ಬೆಳೆ ಎಂಬ ಮೂರು ಖಾನೆಗಳಲ್ಲಿ ಅದಕ್ಕೆ ಜಾಗವಿಲ್ಲ.

ದಾಖಲೆಯ ಅವಧಿಯೂ ಗಿಡ್ಡದ್ದು. ನಷ್ಟದ ಪ್ರಮಾಣ ಬಹುಮಟ್ಟಿಗೆ ಈಚಿನ ಕೆಲವು ದಶಕಗಳ ಘಟನೆಗಳನ್ನು ಆಧರಿಸುವುದರಿಂದ, ಚಿನ್ನದ ಗಣಿಗಳ ಕಾಲದಲ್ಲಿ ಸುಮಾರು 20,000 ಜನರಿದ್ದ ಗೋಲ್ಡ್‌ಫೀಲ್ಡ್‌ಗೆ 1913ರಲ್ಲಿ ನುಗ್ಗಿದ ದಿಢೀರ್ ಪ್ರವಾಹ ಈ ಲೆಕ್ಕದೊಳಗೆ ಬರುವುದಿಲ್ಲ. ಸ್ಥಳೀಯ ಘಟನೆಗಳು ತೀರಾ ವಿರಳವಾದಲ್ಲಿ ಸುತ್ತಲ ಪ್ರದೇಶದ ಅನುಭವವನ್ನು ಸಂಖ್ಯಾಶಾಸ್ತ್ರೀಯವಾಗಿ ಎರವಲು ಪಡೆಯುವ ಕ್ರಮವನ್ನು ತಯಾರಕರು ಅಳವಡಿಸಿದ್ದಾರೆ, ಇದು ಜಾಣತನದ ಕೆಲಸ. ಆದರೆ ಹಾಗೆ ಬಂದ ಅಂಕೆ ನೆರೆಹೊರೆಯ ಸರಾಸರಿಯನ್ನೂ ಹೊತ್ತಿರುತ್ತದೆ ಎಂಬುದು ವರದಿಯ ಮೊದಲ ನೋಟಕ್ಕೆ ತಿಳಿಯುವುದಿಲ್ಲ.

ಕಡಿಮೆ ಜನರಿರುವ ಕೌಂಟಿಯ ಅಧಿಕಾರಿಗಳು ಬಣ್ಣದ ನಕ್ಷೆಯನ್ನು ಬದಿಗಿಟ್ಟು, ಇರುವ ಆಸ್ತಿಗೆ ಹೋಲಿಸಿದ ನಷ್ಟದ ದರವನ್ನು ತೋರಿಸುವ ಅಂಕಣವನ್ನು ಹುಡುಕಿಕೊಳ್ಳಬೇಕು. ಇದೇ ಆವೃತ್ತಿಯಲ್ಲಿ ಸೇರಿಸಿದ ಈ ಅಂಕಣ ಊರು ದೊಡ್ಡದೋ ಚಿಕ್ಕದೋ ಎಂಬುದನ್ನು ಬದಿಗೊತ್ತಿ ಅಪಾಯದ ಗಾತ್ರವನ್ನು ಹೆಚ್ಚು ನ್ಯಾಯವಾಗಿ ತೋರಿಸುತ್ತದೆ, ಮತ್ತು ಇದನ್ನು ಮುಖಪುಟದಲ್ಲೇ ಇಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕೌಂಟಿಗಳ ನಡುವಿನ ಹೋಲಿಕೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಎಸ್ಮೆರಾಲ್ಡಾದಂಥ ಒಂದೇ ಕೌಂಟಿಯ ಯೋಜನೆಗೆ ಎರಡೂವರೆ, ಅದೂ ಪಕ್ಕದಲ್ಲಿ ಹೆದ್ದಾರಿ, ಆಸ್ಪತ್ರೆ ಮತ್ತು ನೀರಿನ ಮೂಲಗಳ ನಕ್ಷೆಯೊಂದನ್ನು ಹರಡಿಕೊಂಡು ಕುಳಿತರೆ ಮಾತ್ರ.