ಕರೆಂಟ್ ಹೋದಾಗಲೆಲ್ಲ ದೇಶ ಮರೆಯುತ್ತಿದ್ದ ವೈಫೈ ಡಾಂಗಲ್

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್ ಅಂಗಡಿ. ಪಹಣಿ ಮುದ್ರಿಸುವುದು, ಅರ್ಜಿ ತುಂಬಿಕೊಡುವುದು ಕೆಲಸ. ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರಿಗೆ ಕೇಬಲ್ ಮೂಲಕ ಬರುವ ಇಂಟರ್ನೆಟ್ಟನ್ನು ಇನ್ನೆರಡು ಲ್ಯಾಪ್‌ಟಾಪ್‌ಗಳಿಗೆ ಹಂಚಲೆಂದು ಮೂರು ವರ್ಷದ ಹಿಂದೆ ಈ ಯುಎಸ್‌ಬಿ ಡಾಂಗಲ್ ಕೊಂಡೆ. ಒಳಗಿರುವುದು ಎಂಟಿ7612ಯು ಚಿಪ್. ಇದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಕರ್ನೆಲ್ (ಲಿನಕ್ಸ್‌ನ ತಿರುಳು) 4.19ರಿಂದ ಲಿನಕ್ಸ್ ಜೊತೆಯಲ್ಲೇ ಬರುತ್ತದೆ. ಎಲ್ಲಿಂದಲೋ ತಂದು ಕಂಪೈಲ್ ಮಾಡುವ ಗೋಳಿಲ್ಲ.

ವೈಫೈ ಓಡುವ 2.4 ಮತ್ತು 5 ಗಿಗಾಹರ್ಟ್ಸ್ ತರಂಗಗಳಲ್ಲಿ ನನಗೆ ಬೇಕಿದ್ದದ್ದು 5. ಪಕ್ಕದ ಬೇಕರಿಯವರು ಪಫ್ಸ್ ಬಿಸಿ ಮಾಡಲು ಮೈಕ್ರೋವೇವ್ ಹಚ್ಚಿದರೆ ಸಾಕು, 2.4ರ ಸಂಪರ್ಕ ತೆವಳುತ್ತಿತ್ತು. ಆದರೆ 5 ಗಿಗಾಹರ್ಟ್ಸ್‌ನ 36ನೇ ಚಾನೆಲ್‌ನಲ್ಲಿ ಹಾಟ್‌ಸ್ಪಾಟ್ ಶುರುವೇ ಆಗಲಿಲ್ಲ. ಡಾಂಗಲ್ ಕೆಟ್ಟದ್ದೆಂದು ಹಿಂದಿರುಗಿಸಲು ಪೆಟ್ಟಿಗೆಯನ್ನೂ ಹುಡುಕಿ ಇಟ್ಟಿದ್ದೆ.

ಯಾವ ಚಾನೆಲ್ ಬಳಸಬಹುದೆಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಯಾವ ದೇಶದ ನಿಯಮ ಜಾರಿಯಲ್ಲಿದೆಯೆಂದು ತೋರಿಸುವ ‘ಐಡಬ್ಲ್ಯು ರೆಗ್ ಗೆಟ್’ ಆದೇಶ ಕೊಟ್ಟು ನೋಡಿದರೆ ದೇಶದ ಜಾಗದಲ್ಲಿ 00 ಎಂದಿತ್ತು. ಅಂದರೆ ತಾನು ಯಾವ ದೇಶದಲ್ಲಿದ್ದೇನೆಂದು ಅದಕ್ಕೆ ಗೊತ್ತಿಲ್ಲ. ಆಗ 5 ಗಿಗಾಹರ್ಟ್ಸ್‌ನಲ್ಲಿ ಅದು ಬೀಗರ ಮನೆಗೆ ಬಂದವರಂತೆ, ಬೇರೆಯವರು ಮಾತನಾಡಿಸುವ ತನಕ ತಾನು ಬಾಯಿ ಬಿಡುವುದಿಲ್ಲ. ಇರುವ ವೈಫೈಗೆ ಸೇರಿಕೊಳ್ಳುತ್ತದೆ, ತಾನೇ ಒಂದನ್ನು ಆರಂಭಿಸುವುದಿಲ್ಲ. ನಮ್ಮಲ್ಲಿ ಈ ಚಾನೆಲ್‌ಗೆ ಅಡ್ಡಿಯಿಲ್ಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 5150ರಿಂದ 5250 ಮೆಗಾಹರ್ಟ್ಸ್ (36 ಬರುವುದು ಇದರಲ್ಲೇ) ಸೇರಿದಂತೆ ಹಲವು ತರಂಗಪಟ್ಟಿಗಳನ್ನು ಪರವಾನಗಿಯಿಂದ ಬಿಡಿಸಿದೆ.

ಸರಿ, ದೇಶ ಭಾರತವೆಂದು ತಿಳಿಸಲು ‘ಐಡಬ್ಲ್ಯು ರೆಗ್ ಸೆಟ್ ಐಎನ್’ ಎಂದೆ. ಯಾವ ದೋಷವನ್ನೂ ತೋರಿಸಲಿಲ್ಲ. 00 ಮಾತ್ರ ಹಾಗೆಯೇ ಕೂತಿತ್ತು! ಹಳೆಯ ಬರಹಗಳನ್ನು ನಂಬಿ, ಈ ನಿಯಮಗಳನ್ನು ಕರ್ನೆಲ್‌ಗೆ ತಲುಪಿಸುತ್ತಿದ್ದ ‘ಸಿಆರ್‌ಡಿಎ’ ಎಂಬ ತಂತ್ರಾಂಶದ ಕಡತ ತಿದ್ದುತ್ತಾ ಎರಡು ಸಂಜೆ ಕಳೆದೆ. ಕರ್ನೆಲ್ 4.15ರಿಂದ ಆ ಮಧ್ಯವರ್ತಿಯ ಅಗತ್ಯವೇ ಇಲ್ಲ, ದೇಶವಾರು ನಿಯಮಗಳ ಕಡತವನ್ನು ಕರ್ನೆಲ್ ನೇರವಾಗಿ ಓದಿಕೊಳ್ಳಬಲ್ಲದು. ಕೊನೆಗೆ ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ ನೋಡಿದಾಗ ‘ರೆಗ್ಯುಲೇಟರಿ.ಡಿಬಿ’ ಎಂಬ ಆ ನಿಯಮಗಳ ಕಡತ ಸಿಗಲಿಲ್ಲವೆಂಬ ಸಾಲು ಕಂಡಿತು. ಅದನ್ನು ತರುವ ‘ವೈರ್‌ಲೆಸ್-ರೆಗ್‌ಡಿಬಿ’ ಪ್ಯಾಕೇಜನ್ನೇ ನಾನು ಹಾಕಿರಲಿಲ್ಲ. ಹಾಕಿ ರೀಬೂಟ್ ಮಾಡಿ ಅದೇ ಆದೇಶ ಕೊಟ್ಟೆ, 36 ಎದ್ದಿತು.

ಮರುದಿನ ಕರೆಂಟ್ ಹೋಗಿ ಬಂತು, ಮತ್ತೆ 00. ಆ ಆದೇಶದ ಆಯಸ್ಸು ಯಂತ್ರ ಆರುವ ತನಕ ಮಾತ್ರ. ಯುಪಿಎಸ್ ಬ್ಯಾಟರಿ ಸತ್ತಿದ್ದ ಆ ತಿಂಗಳು ದಿನಕ್ಕೆರಡು ಸಲ ಈ ಪೂಜೆ ನಡೆಯಿತು. ಹಾಟ್‌ಸ್ಪಾಟ್ ನಡೆಸುವ ‘ಹೋಸ್ಟ್‌ಎಪಿಡಿ’ ತಂತ್ರಾಂಶದ ಸಂರಚನೆಯಲ್ಲಿ ದೇಶದ ಸಂಕೇತದ ಒಂದು ಸಾಲು ಬರೆದ ಮೇಲೆ ನಿಂತಿತು. ಅಕ್ಕನ ಮಗ ಬೇರೆ ದೇಶದ ಸಂಕೇತ ಕೊಟ್ಟರೆ ಸಿಗ್ನಲ್ ಹೆಚ್ಚುತ್ತದೆ ಎಂದ. ಬೇಡ ಎಂದೆ; ಅದು ಕಾನೂನಿಗೂ ವಿರುದ್ಧ, ಚಿಪ್ಪಿನ ಸ್ವಂತ ಮಿತಿಯೂ ಅದರಿಂದ ಬದಲಾಗುವುದಿಲ್ಲ.

ಲ್ಯಾಪ್‌ಟಾಪಿನ ಒಳಗಿನ ಕಾರ್ಡಿನಲ್ಲೇ ಇದನ್ನು ಮಾಡಬಹುದಿತ್ತಲ್ಲ ಎಂದು ಕೇಳುವವರಿಗೆ: ‘ಐಡಬ್ಲ್ಯು ರೆಗ್ ಗೆಟ್’ ಕೊಟ್ಟರೆ ನನ್ನ ಕಾರ್ಡಿನ ಮುಂದೆ ‘ಸೆಲ್ಫ್ ಮ್ಯಾನೇಜ್ಡ್’ ಎಂದಿದೆ. ದೇಶವನ್ನು ಅದರೊಳಗಿನ ತಂತ್ರಾಂಶವಾದ ಫರ್ಮ್‌ವೇರೇ ನಿರ್ಧರಿಸುತ್ತದೆ, ನಮ್ಮ ಮಾತು ಕೇಳುವುದಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಡಾಂಗಲ್ ಕೈ ಸುಡುವಷ್ಟು ಕಾಯುತ್ತದೆ, ಆದರೂ ಕೈಕೊಟ್ಟಿಲ್ಲ. ಗೋಡೆಯಾಚೆಯ ಗೋದಾಮಿಗೆ ಸಿಗ್ನಲ್ ಅಷ್ಟಕ್ಕಷ್ಟೆ. ಐದಕ್ಕೆ ನಾಲ್ಕು ನಕ್ಷತ್ರ. ಉಳಿದೊಂದನ್ನು ಕಡಿದದ್ದು ಪೆಟ್ಟಿಗೆಯ ಮೇಲೆ ಲಿನಕ್ಸ್‌ಗೆ ಸರಿಹೊಂದುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಒಳಗಿನ ಕಾಗದದಲ್ಲಿ ವಿಂಡೋಸ್‌ನ ಚಿತ್ರಗಳನ್ನಷ್ಟೇ ಕೊಟ್ಟಿದ್ದಕ್ಕೆ.