ಆಗುಂಬೆ ಘಾಟಿಗೆ ಯಾವ ಬ್ರೇಕ್ ಪ್ಯಾಡ್, ಯಾವ ಡಿಸ್ಕ್? ಹಾಕಿ ನೋಡಿ ಬರೆದ ಹೋಲಿಕೆ

ನನ್ನದು ಸ್ಕೋಡಾ ಆಕ್ಟೇವಿಯಾ, 1.8 ಲೀಟರ್ ಟರ್ಬೊ ಪೆಟ್ರೋಲ್. 180 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್. ಹತ್ತುವಾಗ ಇದಕ್ಕೆ ಯಾವ ಘಾಟಿಯೂ ಲೆಕ್ಕಕ್ಕಿಲ್ಲ. ಇಳಿಯುವಾಗ ಮಾತ್ರ ಮಾತು ಬೇರೆ. ಶಿವಮೊಗ್ಗದಲ್ಲಿ ಮನೆ, ತೀರ್ಥಹಳ್ಳಿ ಆಚೆ ಅಡಿಕೆ ತೋಟ, ಉಡುಪಿಯಲ್ಲಿ ನೆಂಟರು. ಹಾಗಾಗಿ ವರ್ಷವಿಡೀ ಆಗುಂಬೆ ಹತ್ತಿ ಇಳಿಯುವುದು ಇದ್ದದ್ದೇ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು ಪ್ಯಾಡ್. ಕಂಪನಿಯಿಂದ ಬಂದ ಡಿಸ್ಕ್ ಸವೆದು ಬದಲಿಸುವ ಕಾಲ ಬಂತು. ಅದನ್ನೇ ಮತ್ತೆ ತರಿಸುವ ಮೊದಲು ಬೇರೆ ಬಗೆಗಳನ್ನೂ ಹಾಕಿ ನೋಡಬೇಕು ಅನ್ನಿಸಿತು.

ಬ್ರೇಕ್ ಬಗ್ಗೆ ಓದಲು ಸಿಗುವ ಹೋಲಿಕೆಗಳು ಹೆಚ್ಚಾಗಿ ರೇಸ್ ಟ್ರ್ಯಾಕಿನವು. ಎಷ್ಟು ಡಿಗ್ರಿ ಬಿಸಿ ತಡೆಯುತ್ತದೆ ಅನ್ನುವುದೇ ಅಲ್ಲಿ ದೊಡ್ಡ ಮಾತು. ಮಲೆನಾಡಿನಲ್ಲಿ ಓಡಾಡುವವರಿಗೆ ಬೇಕಾದ ಪ್ರಶ್ನೆಗಳು ಎರಡು. ಬೆಳಿಗ್ಗೆ ಮಳೆಯಲ್ಲಿ ನೆನೆದ ತಣ್ಣನೆ ಡಿಸ್ಕ್ ಮೇಲೆ ಮೊದಲ ಸಲ ಪೆಡಲ್ ಒತ್ತಿದಾಗ ಕಾರು ಎಷ್ಟು ಬೇಗ ಹಿಡಿಯುತ್ತದೆ? ಆಗುಂಬೆಯ ಹದಿನಾಲ್ಕೂ ತಿರುವು ಇಳಿದ ಮೇಲೆ ಅದೇ ಹಿಡಿತ ಉಳಿದಿರುತ್ತದಾ? ನನ್ನ ಮಟ್ಟಿಗೆ ಮೊದಲನೆಯ ಪ್ರಶ್ನೆಯೇ ದೊಡ್ಡದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಗಂತ ಬಿಸಿಯ ಲೆಕ್ಕ ಸಣ್ಣದಲ್ಲ. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಘಾಟಿಯ ಬುಡದ ಸೋಮೇಶ್ವರ ಮುಟ್ಟುವಷ್ಟರಲ್ಲಿ 500 ಮೀಟರ್ ಇಳಿದಿರುತ್ತೇವೆ. ಮನೆಮಂದಿ, ಲಗೇಜು ಎಲ್ಲ ಸೇರಿ ಕಾರಿನ ತೂಕ 1,600 ಕೆ.ಜಿ. ಅಂತಿಟ್ಟುಕೊಳ್ಳಿ. ಆ ಇಳಿತದ ಶಕ್ತಿ ಸುಮಾರು 78 ಲಕ್ಷ ಜೂಲ್. ಬಚ್ಚಲ ಹಂಡೆಯಲ್ಲಿ 25 ಲೀಟರ್ ತಣ್ಣೀರು ಕುದಿಯಲು ಬೇಕಾಗುವಷ್ಟು ಶಾಖ ಅದು. ಗೇರ್ ಇಳಿಸಿಕೊಂಡು ಬಂದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಿನ್ನುತ್ತದೆ. ಆಟೊಮ್ಯಾಟಿಕ್ ಕಾರನ್ನು ಡಿ ಗೇರಿನಲ್ಲೇ ಬಿಟ್ಟು ಬ್ರೇಕ್ ಒತ್ತಿಕೊಂಡೇ ಇಳಿದರೆ ಬಹುಪಾಲು ಡಿಸ್ಕಿಗೆ ಹೋಗುತ್ತದೆ. ಅದರಲ್ಲೂ ಮುಂದಿನ ಎರಡಕ್ಕೇ ಜಾಸ್ತಿ, ಯಾಕೆಂದರೆ ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬರುತ್ತದೆ.

ಹೋಲಿಕೆಗೆ ಒಂದೇ ದಾರಿ ಇಟ್ಟುಕೊಂಡೆ. ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಮೇಗರವಳ್ಳಿ, ಆಮೇಲೆ ಘಾಟಿ. ಟೈರ್ ಅದೇ, ಬ್ರೇಕ್ ಆಯಿಲ್ ಅದೇ. ಪ್ಯಾಡ್ ಬದಲಿಸಿದಾಗಲೆಲ್ಲ ಡಿಸ್ಕಿನ ಮೇಲಿನ ಹಳೆಯ ಪದರವನ್ನು ಉಜ್ಜಿ ತೆಗೆಸಿದೆ. ಇದು ಬಹಳ ಮುಖ್ಯ. ಪ್ಯಾಡ್ ತನ್ನ ತೆಳುವಾದ ಪದರವೊಂದನ್ನು ಡಿಸ್ಕ್ ಮೇಲೆ ಬಿಡುತ್ತದೆ. ಹಳೆಯ ಪ್ಯಾಡಿನ ಪದರದ ಮೇಲೆ ಹೊಸ ಬಗೆಯದನ್ನು ಹಾಕಿದರೆ ಎರಡೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೋಲಿಕೆಗೆ ಅರ್ಥವೂ ಇರುವುದಿಲ್ಲ.

ಮೊದಲು ಒರಿಜಿನಲ್ ಬಗೆಯ ಪ್ಯಾಡ್. ಸ್ಕೋಡಾ ಸೇರಿದ ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಿಗೆ ಎಟಿಇ, ಟಿಆರ್‌ಡಬ್ಲ್ಯೂ ಕಂಪನಿಗಳ ಪ್ಯಾಡ್ ಫ್ಯಾಕ್ಟರಿಯಲ್ಲೇ ಹಾಕುವುದುಂಟು. ಅದೇ ಗುಣಮಟ್ಟದ್ದು ಹೊರಗಡೆ ಅಂಗಡಿಯಲ್ಲೂ ಸಿಗುತ್ತದೆ. ಕೊಳ್ಳುವಾಗ ಇಸಿಇ ಆರ್90 ಗುರುತು ನೋಡಿ. ಮೂಲ ಪ್ಯಾಡಿನ ಹಿಡಿತಕ್ಕೂ ಇದರ ಹಿಡಿತಕ್ಕೂ ಶೇಕಡ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನುವ ಯುರೋಪಿನ ನಿಯಮ ಅದು. ತಣ್ಣಗಿರುವಾಗ, ಒದ್ದೆ ಇರುವಾಗ ಈ ಪ್ಯಾಡಿನ ಹಿಡಿತ ತುಂಬಾ ಚೆನ್ನಾಗಿದೆ. ಸದ್ದಿಲ್ಲ. ಚಕ್ರಕ್ಕೆ ಕಪ್ಪು ಧೂಳು ಮಾತ್ರ ಜಾಸ್ತಿ. ಎರಡನೇ ಗೇರಿನಲ್ಲಿ ಸಮಾಧಾನವಾಗಿ ಇಳಿದರೆ ಆಗುಂಬೆಯಲ್ಲಿ ಇದಕ್ಕೆ ಏನೂ ಆಗಲಿಲ್ಲ. ಐದು ಜನ ಕೂತು ಸ್ವಲ್ಪ ಚುರುಕಾಗಿ ಇಳಿದಾಗ, ಕೆಳಗಿನ ತಿರುವುಗಳಲ್ಲಿ ಪೆಡಲನ್ನು ಮೊದಲಿಗಿಂತ ಗಟ್ಟಿಯಾಗಿ ಒತ್ತಬೇಕಾಯಿತು. ಸೋಮೇಶ್ವರದಲ್ಲಿ ನಿಲ್ಲಿಸಿದಾಗ ಸುಟ್ಟ ವಾಸನೆ ಇತ್ತು.

ಆಮೇಲೆ ಸೆರಾಮಿಕ್, ಅಂದರೆ ಪಿಂಗಾಣಿ ಬಗೆಯ ನಾರು ಬೆರೆಸಿ ಮಾಡಿದ ಪ್ಯಾಡ್. ನಗರದಲ್ಲಿ ಓಡಿಸುವವರಿಗೆ ಇದು ಇಷ್ಟವಾಗುವುದು ಸಹಜ. ಧೂಳು ಕಡಿಮೆ, ಅಲಾಯ್ ಚಕ್ರ ವಾರಗಟ್ಟಲೆ ಹೊಳೆಯುತ್ತಿರುತ್ತದೆ. ಪೆಡಲ್ ಮೆತ್ತಗೆ, ನಯವಾಗಿ ಕೆಲಸ ಮಾಡುತ್ತದೆ. ಬಿ.ಎಚ್. ರಸ್ತೆಯ ಟ್ರಾಫಿಕ್ಕಿಗೆ ಇದಕ್ಕಿಂತ ಸುಖವಾದದ್ದು ಇಲ್ಲ. ಒಣ ದಿನದಲ್ಲಿ ಘಾಟಿಯಲ್ಲೂ ತಕರಾರಿಲ್ಲ. ನನಗೆ ಸರಿಬರದೆ ಹೋದದ್ದು ಜುಲೈ ತಿಂಗಳ ಬೆಳಗಿನಲ್ಲಿ. ರಾತ್ರಿಯಿಡೀ ಅಂಗಳದಲ್ಲಿ ಮಳೆ ಕುಡಿದ ಕಾರು. ಮೇಗರವಳ್ಳಿ ಹತ್ತಿರ ದನದ ಗುಂಪು ರಸ್ತೆಗೆ ಇಳಿಯಿತು. ಪೆಡಲ್ ಒತ್ತಿದೆ, ಅರೆಕ್ಷಣ ಏನೂ ಆಗಲಿಲ್ಲ, ಆಮೇಲೆ ಹಿಡಿಯಿತು. ಜಾಗ ಇತ್ತು, ಕಾರು ನಿಂತಿತು. ಆದರೆ ಆ ಅರೆಕ್ಷಣ ನನಗೆ ಒಪ್ಪಿಗೆಯಾಗಲಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡ್ ಅಂದರೆ ಎಂಟು ಮೀಟರಿಗೂ ಹೆಚ್ಚು ದೂರ. ನಮ್ಮ ಕಡೆ ರಸ್ತೆ ತಿರುವಿನಾಚೆ ದನ ಇರಬಹುದು, ಕಾಡುಕೋಣ ಇರಬಹುದು, ಅರ್ಧ ರಸ್ತೆ ಹಿಡಿದುಕೊಂಡು ಬರುವ ಮಿನಿ ಬಸ್ ಇರಬಹುದು. ಅವು ಬ್ರೇಕ್ ಬಿಸಿಯಾಗಲಿ ಅಂತ ಕಾಯುವುದಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗುವ ಗೆಳೆಯನೊಬ್ಬ ತನ್ನ ಅರೆ-ರೇಸ್ ಪ್ಯಾಡ್ ಕೊಟ್ಟು, ‘ಹಾಕಿ ನೋಡು ಮಾರಾಯ’ ಅಂದ. ನೋಡಿದೆ. ಘಾಟಿಯ ಮಧ್ಯದಲ್ಲಿ, ಬಿಸಿ ಏರಿದ ಮೇಲೆ, ಅದರ ಹಿಡಿತ ಅದ್ಭುತ. ಎಷ್ಟು ಒತ್ತುತ್ತೇವೋ ಅಷ್ಟೇ ಕೊಡುತ್ತದೆ. ಆದರೆ ಅಲ್ಲಿಗೆ ಮುಟ್ಟುವ ತನಕ ಬ್ರೇಕ್ ಅರ್ಧ ನಿದ್ದೆಯಲ್ಲಿರುತ್ತದೆ. ಪ್ರತಿ ಸಿಗ್ನಲ್‌ನಲ್ಲಿ ಕಿರ್ರೆನ್ನುತ್ತದೆ. ಡಿಸ್ಕನ್ನೂ ಬೇಗ ತಿನ್ನುತ್ತದೆ. ರಸ್ತೆಯ ಕಾರಿಗೆ ಇದು ಬೇಡ. ಇದರ ಬಗ್ಗೆ ಇಷ್ಟೇ.

ಕೊನೆಗೆ ನಾನು ಇಟ್ಟುಕೊಂಡದ್ದು ಫಾಸ್ಟ್ ರೋಡ್ ಅನ್ನುವ ನಡುವಿನ ಬಗೆ. ರಸ್ತೆಗೂ ಆಗಬೇಕು, ಬಿಸಿಯನ್ನೂ ತಡೆಯಬೇಕು ಅಂತ ಮಾಡಿದ ಮಿಶ್ರಣ. ಇಬಿಸಿಯ ಯೆಲ್ಲೋಸ್ಟಫ್, ಫೆರೋಡೊದ ಡಿಎಸ್2500 ಈ ಸಾಲಿನಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು. ಫೆರೋಡೊ ಹುಟ್ಟಿದ್ದೇ ಬೆಟ್ಟದ ರಸ್ತೆಯಿಂದ ಅನ್ನುವುದು ನನಗೆ ಖುಷಿ ಕೊಡುವ ವಿಷಯ. 1897ರಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಇಳಿಯುವ ಕುದುರೆ ಗಾಡಿಗಳ ಪಾಡು ನೋಡಿ, ಗಟ್ಟಿಯಾಗಿ ಹಿಡಿಯುವ ಬ್ರೇಕ್ ಬ್ಲಾಕ್ ಮಾಡಲು ಹೊರಟ. ಅಲ್ಲಿಂದ ಬೆಳೆದ ಕಂಪನಿ ಅದು.

ಫಾಸ್ಟ್ ರೋಡ್ ಪ್ಯಾಡ್ ತಣ್ಣನೆ ಮಳೆಯಲ್ಲಿ ಒರಿಜಿನಲ್‌ನಷ್ಟೇ ಬೇಗ ಹಿಡಿಯಿತು. ಅದಕ್ಕಿಂತ ಬೇಗ ಅಂತ ಹೇಳಲಾರೆ. ಕೆಳಗಿನ ತಿರುವುಗಳಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಂಡಿತು. ಮೇಲಿನ ತಿರುವಿನಲ್ಲಿ ಎಷ್ಟು ಒತ್ತಿದ್ದೆನೋ ಕೆಳಗೂ ಅಷ್ಟೇ ಒತ್ತಿದರೆ ಸಾಕು. ಹುಲಿಕಲ್ ಘಾಟಿಯಲ್ಲೂ ಹೀಗೇ ಇತ್ತು. ನಷ್ಟಗಳೂ ಇವೆ. ನಿಧಾನಕ್ಕೆ ನಿಲ್ಲಿಸುವಾಗ ಒಮ್ಮೊಮ್ಮೆ ಸಣ್ಣ ಕೀಚಲು ಸದ್ದು, ಧೂಳು ಕಮ್ಮಿಯಿಲ್ಲ, ಬೆಲೆ ಒರಿಜಿನಲ್‌ನ ಎರಡು ಪಟ್ಟಿನ ಹತ್ತಿರ. ಘಾಟಿ ಇಳಿಯದವರು ಈ ದುಡ್ಡು ಕೊಡುವ ಅಗತ್ಯವಿಲ್ಲ.

ಪ್ಯಾಡಿನ ಅಂಚು ಅಥವಾ ಹಿಂಬದಿಯಲ್ಲಿ ಇಎಫ್, ಎಫ್‌ಎಫ್, ಜಿಜಿ ಥರ ಎರಡು ಅಕ್ಷರ ಬರೆದಿರುವುದುಂಟು. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿ ಹಿಡಿತ ಎಷ್ಟು ಅಂತ, ಎರಡನೆಯದು ಹೆಚ್ಚು ಬಿಸಿಯಲ್ಲಿ ಎಷ್ಟು ಅಂತ. ಘರ್ಷಣೆಯ ಅಂಕಿಯಲ್ಲಿ ಹೇಳುವುದಾದರೆ ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಬಿಸಿಯಾದಾಗ ಹಿಡಿತ ಇಳಿಯುತ್ತದೆ ಅಂತ ಅರ್ಥ. ಒದ್ದೆಯಲ್ಲಿ ಹೇಗೆ ಅನ್ನುವುದನ್ನು ಈ ಅಕ್ಷರಗಳು ಹೇಳುವುದಿಲ್ಲ. ಅದನ್ನು ಓಡಿಸಿಯೇ ತಿಳಿಯಬೇಕು.

ಇನ್ನು ಡಿಸ್ಕ್. ನನ್ನ ಕಾರಿನ ಮುಂದಿನ ಡಿಸ್ಕ್ 312 ಮಿ.ಮೀ. ಅಗಲ, ಹೊಸದಿದ್ದಾಗ 25 ಮಿ.ಮೀ. ದಪ್ಪ. 22ಕ್ಕೆ ಇಳಿದರೆ ಬದಲಿಸಲೇಬೇಕು. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕಿನ ಮೇಲೇ ಕೆತ್ತಿರುತ್ತದೆ. ಅಂಚಿನಲ್ಲಿ ಏಣು ಎದ್ದಿರುತ್ತದೆ, ಹಾಗಾಗಿ ಅಲ್ಲಿ ಅಳೆಯಬೇಡಿ. ಪ್ಯಾಡ್ ಉಜ್ಜುವ ಜಾಗದಲ್ಲಿ ಮೈಕ್ರೋಮೀಟರ್ ಇಟ್ಟು ಅಳೆಯಲು ಹೇಳಿ. ಒಂದೇ ಮಾಡೆಲ್ಲಿಗೆ ಬೇರೆ ಬೇರೆ ಅಳತೆಯ ಬ್ರೇಕ್ ಬಂದಿರುವುದುಂಟು. ಆರ್ಡರ್ ಮಾಡುವ ಮುಂಚೆ ಡಿಕ್ಕಿಯಲ್ಲಿ ಸ್ಟೆಪ್ನಿ ಹತ್ತಿರ ಅಂಟಿಸಿರುವ, ಕಾರಿಗೆ ಯಾವ ಭಾಗ ಹಾಕಿದೆ ಅಂತ ಹೇಳುವ ಪಿಆರ್ ಕೋಡ್ ಸ್ಟಿಕ್ಕರಿನ ಫೋಟೊ ತೆಗೆದು ಅಂಗಡಿಯವರಿಗೆ ಕಳಿಸಿ.

ತೂತು ಕೊರೆದ ಡಿಸ್ಕ್ ನೋಡಲು ಚಂದ. ಗೆಳೆಯನ ಕಾರಿನಲ್ಲಿದ್ದದ್ದನ್ನು ಓಡಿಸಿದ್ದೇನೆ. ಮಳೆಯಲ್ಲಿ ನೀರಿನ ಪದರ ಬೇಗ ಒಡೆಯುತ್ತದೆ ಅನ್ನುವುದು ನಿಜ. ಆದರೆ ಒಮ್ಮೆ ಕಾದು, ಒಮ್ಮೆ ನೀರು ಬಿದ್ದು ತಣಿದು, ಮತ್ತೆ ಕಾದರೆ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಶುರುವಾಗುತ್ತದೆ. ಘಾಟಿಯ ಮಳೆಯಲ್ಲಿ ನಡೆಯುವುದು ಇದೇ ತಾನೇ? ನಾನು ಹಾಕಿಸುವುದಿಲ್ಲ.

ಗೀರು ಹಾಕಿದ ಡಿಸ್ಕ್, ಅಂದರೆ ಸ್ಲಾಟೆಡ್, ಒಂದು ಮಳೆಗಾಲ ಪೂರ್ತಿ ನನ್ನ ಕಾರಿನಲ್ಲೇ ಇತ್ತು. ನೀರನ್ನೂ ಧೂಳನ್ನೂ ಗೀರುಗಳು ಹೊರಗೆ ಎಸೆಯುತ್ತವೆ. ಒದ್ದೆಯಲ್ಲಿ ಮೊದಲ ಹಿಡಿತ ಸಾದಾ ಡಿಸ್ಕಿಗಿಂತ ಒಂದಿಷ್ಟು ಮೇಲು. ಆದರೆ ತೋಟದ ದಾರಿಯ ಕೆಂಪು ಮಣ್ಣು ಗೀರಿನಲ್ಲಿ ಕೂತು ಗಟ್ಟಿಯಾಗುತ್ತದೆ. ಅದನ್ನು ಕೆರೆದು ತೆಗೆಯುತ್ತಿರಬೇಕು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಗುರ್ರ್ ಅನ್ನುವ ಸದ್ದು ಬರುತ್ತದೆ. ಪ್ಯಾಡೂ ಬೇಗ ಸವೆಯಿತು. ಟಾರು ರಸ್ತೆಯಲ್ಲೇ ಓಡಾಡುವವರಿಗೆ ಒಳ್ಳೆಯ ಆಯ್ಕೆ.

ಈಗ ನನ್ನ ಕಾರಿನಲ್ಲಿರುವುದು ಸಾದಾ ವೆಂಟಿಲೇಟೆಡ್ ಡಿಸ್ಕ್, ಅಂದರೆ ಒಳಗೆ ಗಾಳಿ ಹಾಯುವ ಸಂದು ಇರುವುದು, ತುಕ್ಕು ತಡೆಯುವ ಲೇಪನ ಇರುವುದು. ಡಿಸ್ಕ್ ಅಂದರೆ ಬೀಡು ಕಬ್ಬಿಣ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ಬೀಡು ಕಬ್ಬಿಣದ ಗತಿ ಹೇಳಬೇಕಾ? ಪ್ಯಾಡ್ ಉಜ್ಜುವ ಜಾಗದ ತುಕ್ಕು ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಹೋಗದಿರುವುದು ನಡುವಿನ ಟೊಪ್ಪಿ ಭಾಗದ್ದು, ಅಂಚಿನದು, ಗಾಳಿ ಹಾಯುವ ಸಂದುಗಳದ್ದು. ಆ ಸಂದು ತುಕ್ಕು ಹಿಡಿದು ಕಟ್ಟಿಕೊಂಡರೆ ಡಿಸ್ಕ್ ತಣಿಯುವುದೇ ಕಡಿಮೆಯಾಗುತ್ತದೆ. ಲೇಪನಕ್ಕೆ ಕೊಟ್ಟ ಹೆಚ್ಚಿನ ದುಡ್ಡು ನನ್ನ ಪ್ರಕಾರ ಸಾರ್ಥಕ. ಗೀರು, ತೂತುಗಳಿಗಿಂತ ನೂರು ಪಾಲು ವಾಸಿ.

ಸ್ಟೇರಿಂಗ್ ಅದುರಿದರೆ ‘ಡಿಸ್ಕ್ ಬೆಂಡ್ ಆಗಿದೆ’ ಅನ್ನುವ ಮಾತು ಎಲ್ಲ ಗ್ಯಾರೇಜಿನಲ್ಲೂ ಕೇಳುತ್ತದೆ. ಬಹಳ ಸಲ ಡಿಸ್ಕ್ ನೆಟ್ಟಗೇ ಇರುತ್ತದೆ. ಪ್ಯಾಡಿನ ಪದರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿರುತ್ತದೆ. ಇಲ್ಲವೇ ಹಬ್, ಅಂದರೆ ಡಿಸ್ಕೂ ಚಕ್ರವೂ ಕೂರುವ ನಡುಭಾಗ, ಅದರ ಮೇಲಿನ ತುಕ್ಕನ್ನು ತೆಗೆಯದೆ ಹೊಸ ಡಿಸ್ಕ್ ಕೂರಿಸಿರುತ್ತಾರೆ. ಕೂದಲೆಳೆಯಷ್ಟು ತುಕ್ಕು ಅಡಿಯಲ್ಲಿ ಉಳಿದರೂ ಸಾಕು, ಡಿಸ್ಕ್ ಓರೆಯಾಗಿ ಸುತ್ತುತ್ತದೆ. ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ನನ್ನ ಕಾರಿನ ಕೆಲಸ ಮಾಡುವ ಅಣ್ಣ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ‘ಸಾರ್, ಹಬ್ ಬೆಳ್ಳಗಾಗೋ ತನಕ ನಾನು ಡಿಸ್ಕ್ ಮುಟ್ಟಲ್ಲ’ ಅನ್ನುತ್ತಾರೆ. ತಂತಿ ಬ್ರಷ್ ಹಿಡಿದು ಉಜ್ಜುತ್ತಾರೆ, ಡಿಸ್ಕ್ ಓರೆ ಇದೆಯಾ ಅಂತ ಡಯಲ್ ಗೇಜ್ ಇಟ್ಟು ನೋಡುತ್ತಾರೆ, ಚಕ್ರದ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ 120 ಎನ್‌ಎಂಗೆ ಬಿಗಿಯುತ್ತಾರೆ. ಇಂಥವರು ಸಿಕ್ಕರೆ ಬಿಡಬೇಡಿ.

ದುಡ್ಡು ಕಡಿಮೆ ಇದ್ದರೆ ಮೊದಲು ಬ್ರೇಕ್ ಆಯಿಲ್ ಬದಲಿಸಿ, ಆಮೇಲೆ ಪ್ಯಾಡ್, ಕೊನೆಗೆ ಡಿಸ್ಕಿನ ವಿಚಾರ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇವೇ ಅಂಕಿ 260 ಮತ್ತು 180. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಆಗ ಎಂಥ ದುಬಾರಿ ಪ್ಯಾಡ್ ಇದ್ದರೂ ಕೆಲಸಕ್ಕೆ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅಂತ ಪುಸ್ತಕದಲ್ಲಿದೆ. ನಾನು ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುತ್ತೇನೆ.

ಹಿಂದಿನ ಚಕ್ರಕ್ಕೆ ಒರಿಜಿನಲ್ ಬಗೆಯ ಪ್ಯಾಡೇ ಇಟ್ಟಿದ್ದೇನೆ. ಹಿಂದೆ ಮಾತ್ರ ಹಿಡಿತ ಜಾಸ್ತಿ ಮಾಡಿದರೆ ಒದ್ದೆ ರಸ್ತೆಯಲ್ಲಿ ಕಾರಿನ ಹಿಂಭಾಗ ಜಾರುವ ಭಯ ಇರುತ್ತದೆ. ಮಳೆಯಲ್ಲಿ ರಾತ್ರಿಯಿಡೀ ನಿಲ್ಲಿಸುವುದಾದರೆ, ಸಮತಟ್ಟು ಜಾಗದಲ್ಲಿ ಪಿ ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟಿರಿ, ಚಕ್ರಕ್ಕೆ ಕಲ್ಲು ಕೊಡಿ. ಇಲ್ಲದಿದ್ದರೆ ಬೆಳಿಗ್ಗೆ ಹಿಂದಿನ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡಿರುತ್ತದೆ.

ಹೊಸ ಪ್ಯಾಡ್, ಡಿಸ್ಕ್ ಹಾಕಿಸಿದ ದಿನವೇ ಘಾಟಿಗೆ ಹೋಗಬೇಡಿ. ಸೋಗಾನೆ ಕಡೆಯ ರಸ್ತೆ ಬೆಳಗಿನ ಜಾವ ಖಾಲಿ ಇರುತ್ತದೆ. ಹಿಂದೆ ಮುಂದೆ ಯಾರೂ ಇಲ್ಲದಾಗ 80ರಿಂದ 20ಕ್ಕೆ ಹದವಾಗಿ ಇಳಿಸಿ. ಪೂರ್ತಿ ನಿಲ್ಲಿಸದೆ ಹೀಗೇ ಕೆಲವು ಸಲ ಮಾಡಿ. ಆಮೇಲೆ ಬ್ರೇಕ್ ಮುಟ್ಟದೆ ಒಂದಷ್ಟು ದೂರ ಓಡಿಸಿ ತಣಿಸಿ. ಡಿಸ್ಕಿನ ಮೇಲೆ ಎಲ್ಲ ಕಡೆ ಒಂದೇ ಥರದ ಬೂದು ಬಣ್ಣ ಬಂದಿದ್ದರೆ ಪ್ಯಾಡ್ ಕೂತಿದೆ ಅಂತ ತಿಳಿಯಿರಿ. ಪಟ್ಟೆ ಪಟ್ಟೆ ಕಂಡರೆ ಇನ್ನೊಮ್ಮೆ ಮಾಡಿ, ಆಮೇಲೆ ಆಗುಂಬೆಗೆ ಹೊರಡಿ.