ನಾಣ್ಯದ ಆಲ್ಬಮ್ ಕೊಂಡರೆ ಮೊದಲು ಮೂಸಿ ನೋಡಿ

ಮಳೆ ಹಿಡಿಯುವ ಮುಂಚೆ ಅಟ್ಟ ಗುಡಿಸಲು ಹತ್ತಿದಾಗ ಹಳೆಯ ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಏಳನೇ ಕ್ಲಾಸಿನಲ್ಲಿ ನಾನು ಕೂಡಿಟ್ಟ ನಾಣ್ಯಗಳು, ಜೊತೆಗೆ ಅಜ್ಜ ಕೊಟ್ಟ ನಾಲ್ಕು ಬೆಳ್ಳಿ ರೂಪಾಯಿ. ಇಪ್ಪತ್ತೈದು ವರ್ಷ ಯಾರೂ ಮುಟ್ಟಿರಲಿಲ್ಲ. ಅವತ್ತೇ ರಾತ್ರಿ ಉತ್ಸಾಹದಲ್ಲಿ ಆನ್‌ಲೈನಿನಲ್ಲಿ 240 ಪಾಕೆಟ್ಟಿನ ಆಲ್ಬಮ್ ತರಿಸಿದೆ, 349 ರೂಪಾಯಿ. ಕಂಪನಿಯ ಹೆಸರು ಹೇಳುವುದಿಲ್ಲ, ಇಂಥದ್ದೇ ಮಾಲು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ.

ನೋಡಲು ಚೆನ್ನಾಗಿಯೇ ಇದೆ. ದಪ್ಪ ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರ. ಆದರೆ ತೆರೆದ ಕೂಡಲೇ ಹೊಸ ರೈನ್‌ಕೋಟಿನ ವಾಸನೆ ಗಮ್ಮಂತ ಬಂತು. ಅದು ಪಿವಿಸಿ ಪ್ಲಾಸ್ಟಿಕ್ಕಿನದು. ಅದನ್ನು ಮೆತ್ತಗೆ ಮಾಡಲು ಸೇರಿಸುವ ರಾಸಾಯನಿಕ ವರ್ಷಗಳು ಕಳೆದಂತೆ ಹೊರಬಂದು ನಾಣ್ಯಕ್ಕೆ ಅಂಟುತ್ತದೆ, ತಾಮ್ರದ ಮೇಲೆ ಹಸಿರು ಜಿಗುಟು ಕಟ್ಟುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಂತೂ ಕೇಳುವುದೇ ಬೇಡ. ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ, ಬಾಟಲಿಯೊಳಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದ ಐದು ಕಾಲಾಣೆಗಳ ಗತಿ ಅದೇ ಆಗಿತ್ತು. ಶುದ್ಧ ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿ ತೆಗೆದ ಮೇಲೆ ಜಿಗುಟು ಹೋಯಿತು, ಕಲೆ ಉಳಿಯಿತು. (ನೈಲ್ ಪಾಲಿಶ್ ತೆಗೆಯುವ ದ್ರವ ಬೇಡ, ಅದರಲ್ಲಿ ಬಣ್ಣ, ಎಣ್ಣೆ ಏನೇನೋ ಇರುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ.)

ಅಮ್ಮ ನೋಡಿ, "ಹುಣಸೆಹಣ್ಣು ಹಾಕಿ ತಿಕ್ಕಿ ಕೊಡ್ತೇನೆ ಮಾರಾಯ, ಅದಕ್ಕೆ ಎಂಥ ಔಷಧಿ?" ಅಂದರು. ನಾನು ಬೇಡ ಅನ್ನುವಷ್ಟರಲ್ಲಿ ಎರಡು ಕಾಲಾಣೆ ಪೂಜೆಯ ಚೊಂಬಿನ ಹಾಗೆ ಹೊಳೆಯುತ್ತಿದ್ದವು. ಸಂಗ್ರಹಕಾರರು ತಿಕ್ಕಿದ ನಾಣ್ಯ ಕಂಡರೆ ಮುಖ ತಿರುಗಿಸುತ್ತಾರೆ ಅಂತ ಅವರಿಗೆ ಹೇಳಲಿಲ್ಲ.

ಆಲ್ಬಮ್ಮಿನ ಎರಡನೇ ತೊಂದರೆ ಪಾಕೆಟ್ಟಿನ ಅಳತೆ. ಎಲ್ಲವೂ ಒಂದೇ ಸೈಜು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸುಮಾರು 30.5 ಮಿಲಿಮೀಟರ್ ಅಗಲ, ಒಳಗೆ ಹೋಗುವುದೇ ಇಲ್ಲ. 1957ರಲ್ಲಿ ಬಂದ ಒಂದು ನಯಾ ಪೈಸೆ 16 ಮಿಲಿಮೀಟರ್, ಅದು ಒಳಗೆ ಕುಣಿಯುತ್ತದೆ. ಪಾಕೆಟ್ಟಿಗೆ ಮುಚ್ಚಳ ಬೇರೆ ಇಲ್ಲ. ಅಕ್ಕನ ಮಗ ಆಲ್ಬಮ್ ತಲೆಕೆಳಗೆ ಹಿಡಿದ, ನನ್ನ ಒಂದು ಭಾನುವಾರದ ಕೆಲಸ ಮಂಚದ ಅಡಿಗೆ ಹೋಯಿತು.

ವಿಂಗಡಿಸುವ ಕೆಲಸ ಮಾತ್ರ ಬಹಳ ಖುಷಿ ಕೊಟ್ಟಿತು. ಅದಕ್ಕೆ ಆಲ್ಬಮ್ ಬೇಕಿಲ್ಲ, ಫ್ರಿಜ್ಜಿನ ಬಾಗಿಲಿನ ಆಯಸ್ಕಾಂತ ಮತ್ತು ಒಂದು ಭೂತಗನ್ನಡಿ ಸಾಕು. 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ ಟಪ್ಪಂತ ಅಂಟುತ್ತದೆ. ಭಾರತದ ನಕ್ಷೆಯಿದ್ದ, ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿ ಅಂಟುವುದಿಲ್ಲ, ಅದು ತಾಮ್ರ-ನಿಕ್ಕಲ್. ಹೀಗೆ ಹತ್ತು ನಿಮಿಷದಲ್ಲಿ ಅರ್ಧ ರಾಶಿ ಬೇರೆಯಾಯಿತು. ಆಮೇಲೆ ವರ್ಷದ ಕೆಳಗಿನ ಗುರುತು ನೋಡುತ್ತಾ ಕೂತೆ, ನಾಣ್ಯ ಯಾವ ಊರಿನ ಟಂಕಸಾಲೆಯಲ್ಲಿ ಅಚ್ಚಾಯಿತು ಅಂತ ಅದು ಹೇಳುತ್ತದೆ: ಚಿಕ್ಕ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತಾ. 1985ರ ಒಂದು ರೂಪಾಯಿಯೊಂದರಲ್ಲಿ 'ಎಚ್' ಅಕ್ಷರ ಕಂಡಿತು. ಅದು ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯಲ್ಲಿ ಅಚ್ಚಾದದ್ದು. ಶಾಲೆಯ ಹತ್ತಿರ ಪೆಪ್ಪರ್‌ಮಿಂಟ್ ಅಂಗಡಿಯಲ್ಲಿ ಚಿಲ್ಲರೆಯಾಗಿ ಬಂದದ್ದಿರಬೇಕು, ಆಗ ತಿರುಗಿಸಿಯೂ ನೋಡಿರಲಿಲ್ಲ. ನಾಲ್ಕಾಣೆಗಳು ಒಂದು ಹಿಡಿ ಇದ್ದವು. 2011ರ ಜೂನ್ 30ಕ್ಕೆ ಸರ್ಕಾರ ಅವನ್ನು ನಿಲ್ಲಿಸಿತು, ಆದರೂ ಅವಕ್ಕೆ 25 ಪೈಸೆ ಅನ್ನಲು ಇವತ್ತಿಗೂ ನನಗೆ ನಾಲಿಗೆ ಬರುವುದಿಲ್ಲ.

ಕೊನೆಗೆ ಬೆಳ್ಳಿ ಮತ್ತು ತಾಮ್ರದ ನಾಣ್ಯಗಳಿಗೆ ರಟ್ಟಿನ ಚೌಕ ತರಿಸಿದೆ, ನಡುವೆ ಮೈಲಾರ್ ಎಂಬ, ಪಿವಿಸಿ ಅಲ್ಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕಿಟಕಿ ಇರುವಂಥದ್ದು. ಇದಕ್ಕೆ ವಾಸನೆ ಇಲ್ಲ, ಬೇರೆ ಬೇರೆ ಅಳತೆಯಲ್ಲಿ ಸಿಗುತ್ತದೆ, ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ವರ್ಷ, ಟಂಕಸಾಲೆ, ಯಾರು ಕೊಟ್ಟದ್ದು ಎಲ್ಲ ಬರೆಯಬಹುದು. ಸ್ಟೇಪ್ಲರ್ ಹೊಡೆಯುವಾಗ ಪಿನ್ ನಾಣ್ಯಕ್ಕೆ ತಾಗಬಾರದು, ಆಮೇಲೆ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು, ಇಲ್ಲದಿದ್ದರೆ ಪಕ್ಕದ ನಾಣ್ಯದ ಮೇಲೆ ಗೀರು ಬೀಳುತ್ತದೆ. ಮಳೆಗಾಲದಲ್ಲಿ ಪಿನ್ ತುಕ್ಕು ಹಿಡಿಯುವುದೂ ಉಂಟು, ಹಾಗಾಗಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದೇನೆ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತಲ್ಲ, ಅದೇ.

ಆಲ್ಬಮ್ಮಿಗೆ ಐದಕ್ಕೆ ಎರಡು ಸ್ಟಾರ್, ಅದರಲ್ಲಿ ಒಂದು ರಟ್ಟಿಗೆ. ವಾಪಸ್ ಕಳಿಸುವ ದಿನ ದಾಟಿಹೋಗಿತ್ತು, ಅಕ್ಕನ ಮಗನಿಗೇ ಕೊಟ್ಟುಬಿಟ್ಟೆ. ಈಗ ಅದರಲ್ಲಿ ಸ್ಟೀಲಿನ ರೂಪಾಯಿಗಳು ಮತ್ತು ನಾಲ್ಕು ಶರ್ಟ್ ಗುಂಡಿ ಇವೆ.